ಸುಡುತಣ್ಣಿ

ನನ್ನ ಸೊಸೆ ಶಾಂಭವಿ ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವಳ ಪೆಟ್ಟಿಗೆಯಲ್ಲಿ, ಸೀರೆಗಳ ಅಡಿಯಲ್ಲಿ, ಒಂದು ಒಣಗಿದ ಸೋರೆಬುರುಡೆ ಇತ್ತು. ಹೊಸ ಸೊಸೆಯ ಪೆಟ್ಟಿಗೆಗೆ ಅತ್ತೆಯಾದವಳು ಕೈ ಹಾಕಬಾರದು, ನಾನು ಹಾಕಿದೆ. ನಮ್ಮ ಪಣಕಹಳ್ಳಿಯಲ್ಲಿ ಯಾರನ್ನಾದರೂ ಕೇಳಿ, ಶಿವಮಲ್ಲಮ್ಮ ಟೀಚರಿಗೆ ಮೂಗಿನ ತುದಿಯಲ್ಲೇ ಕೋಪ, ಕಣ್ಣೆಲ್ಲ ಇನ್ನೊಬ್ಬರ ಚೀಲದಲ್ಲಿ ಅನ್ನುತ್ತಾರೆ. ಮೂವತ್ತೊಂದು ವರ್ಷ ತಾಳವಾಡಿ ಸುತ್ತಿನ ಕನ್ನಡ ಶಾಲೆಗಳಲ್ಲಿ ಒಂದನೇ ಕ್ಲಾಸಿಗೆ ಅಕ್ಷರ ತಿದ್ದಿಸಿದವಳು ನಾನು. ಮಕ್ಕಳ ಚೀಲ ತಡಕುವ ಚಟ ರಿಟೈರಾದ ಮೇಲೂ ಹೋಗಲಿಲ್ಲ.

"ಇದ್ಯಾಕವ್ವ, ಬಿತ್ತನೆ ಬೀಜ ತುಂಬಕಾ?" ಎಂದು ಕೇಳಿದೆ.

"ಇಲ್ಲ ಅತ್ತೆ. ಇದನ್ನ ಬೆನ್ನಿಗ ಕಟ್ಟಿ ನಮ್ಮಪ್ಪ ನನ್ನ ಬಾವಿಗ ತಳ್ಬುಟ್ರು. ಅಂಗೇ ಈಜು ಕಲ್ತಿದ್ದು," ಎಂದು ನಕ್ಕಳು. ಪೆಟ್ಟಿಗೆ ತೆಗೆದದ್ದಕ್ಕೆ ಬೇಸರಪಡಲಿಲ್ಲ. ಬುರುಡೆಯನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯ ಅಟ್ಟದ ಮೇಲೆ ಇಟ್ಟಳು.

ಅವಳದು ಚಾಮರಾಜನಗರದ ಆಚೆಯ ಒಂದು ಹಳ್ಳಿ. ಏಳು ವರ್ಷವಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಹೆಣ್ಣುಮಗುವಿಗೆ ಏನು ಕಲಿಸಬೇಕು ಎಂದು ಗೊತ್ತಿಲ್ಲದ ಅಪ್ಪ ತನಗೆ ಗೊತ್ತಿದ್ದ ಈಜನ್ನೇ ಕಲಿಸಿದ್ದರು. ನಮ್ಮ ಹಾಗೆಯೇ ಲಿಂಗ ಕಟ್ಟುವ ಮನೆ, ಮಾತೂ ನಮ್ಮದೇ. ಒಂದೇ ವ್ಯತ್ಯಾಸ. ನಾವು ತಮಿಳುನಾಡಿಗೆ ಸೇರಿದವರು, ಮನೆಯಲ್ಲೂ ಹೊಲದಲ್ಲೂ ಕನ್ನಡ, ಆಫೀಸಿಗೂ ಆಸ್ಪತ್ರೆಗೂ ತಮಿಳು. ಅವಳಿಗೆ ತಮಿಳು ಒಂದಕ್ಷರ ಬಾರದು. ಬಸ್ಸಿನ ಬೋರ್ಡು ಓದುವುದಕ್ಕೂ ನನ್ನ ಮಗ ಮಹದೇವಪ್ರಸಾದ್ ಬೇಕಿತ್ತು. ಕಲಿಸಿಕೊಡುತ್ತೇನೆ ಬಾ ಎಂದರೆ, "ನಿಮ್ ಕೈಲಿ ಪೆಟ್ಟು ತಿನ್ನಕ ನಾನೇನು ಒಂದ್ನೇ ಕ್ಲಾಸಾ?" ಎಂದಳು. ಆಗ ಅವಳ ಬಾಯಿಗೆ ಬೀಗ ಇರಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಎಂದರೆ ಜಗಳ, ರಾಗಿ ಹಸನು ಮಾಡಿದ್ದು ಸರಿಯಿಲ್ಲ ಎಂದರೆ ಜಗಳ. ನನ್ನ ಎದುರು ಸರಿಸಮ ನಿಂತು ಜಗಳಾಡಿ, ಅರ್ಧ ಗಂಟೆಗೆಲ್ಲ ಕಾಫಿ ತಂದು ಕೊಡುತ್ತಿದ್ದಳು. ಮೂವತ್ತೊಂದು ವರ್ಷ ಎಲ್ಲರ ಬಾಯಿ ಮುಚ್ಚಿಸಿದ್ದ ನನಗೆ, ನಿಜ ಹೇಳುತ್ತೇನೆ, ಅದು ಇಷ್ಟವಾಗಿತ್ತು.

ಮನೆಯ ಹಿಂದೆ ನಮ್ಮ ಬಾವಿ. ನನ್ನ ಗಂಡನ ತಾತ ತೋಡಿಸಿದ್ದು, ನಲವತ್ತಡಿ ಅಗಲ, ಒಂದು ಪಕ್ಕಕ್ಕೆ ನೀರಿನವರೆಗೆ ಕಲ್ಲಿನ ಮೆಟ್ಟಿಲು. ಮದುವೆಯಾದ ಮೊದಲ ಬೇಸಿಗೆಯಲ್ಲಿ, ಬೆಳಿಗ್ಗೆ ಆರಕ್ಕೆ, ಅವಳು ಹಳೆಯ ಚೂಡಿದಾರ ಹಾಕಿಕೊಂಡು ಮೋಟಾರು ಕೂರಿಸಿದ ದಿಮ್ಮಿಯ ಮೇಲೆ ನಿಂತು ಧಬಕ್ಕನೆ ಹಾರಿದಳು. ನಾನು ಮೆಟ್ಟಿಲಿಗೆ ಓಡಿದೆ. ಮೇಲೆದ್ದು ಬಂದವಳು ಆ ದಡದಿಂದ ಈ ದಡಕ್ಕೆ, ಈ ದಡದಿಂದ ಆ ದಡಕ್ಕೆ ಹದಿನೈದು ಸಲ ಹೋಗಿ ಬಂದಳು. ಆಮೇಲೆ ಅಂಗಾತ ತೇಲುತ್ತ ಆಕಾಶ ನೋಡುತ್ತಿದ್ದಳು.

"ಅತ್ತೆ, ಬನ್ನಿ. ನಿಮಗೂ ಬುರುಡೆ ಕಟ್ತೀನಿ."

"ನನಗೇನು ಹುಚ್ಚು ಹಿಡಿದಿದೆಯಾ?" ಎಂದೆ. ಆದರೆ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅವಳು ಮೇಲೆ ಬರುವವರೆಗೂ ನೋಡಿದೆ. ಅವತ್ತಿನಿಂದ ದಿನಾ ನೋಡಿದೆ. ನೀರಿನೊಳಗೆ ಅವಳಿಗೆ ಗಂಡ, ಮನೆ, ಅತ್ತೆ ಯಾವುದೂ ಇರಲಿಲ್ಲ. ಊರಿನ ಹೆಂಗಸರು ಬೇಲಿಯಾಚೆ ನಿಂತು, ಟೀಚರಮ್ಮನ ಸೊಸೆ ಗಂಡುಬೀರಿ ಎಂದು ಮಾತಾಡಿಕೊಂಡರು. ನನಗೆ ಅದೂ ಕೇಳಿಸಿತ್ತು.

ಐದು ತಿಂಗಳ ಬಸುರಿಯಾದಾಗ ತಾನಾಗಿಯೇ ನಿಲ್ಲಿಸಿದಳು. ಹೆರಿಗೆ ಸತ್ಯಮಂಗಲದಲ್ಲಿ ಆಯಿತು, ಆಪರೇಷನ್. ಹೆಣ್ಣುಕೂಸು, ಸುಧಾಮಣಿ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು, ಆದರೆ ತವರಿನಲ್ಲಿ ತಾಯಿ ಇರಲಿಲ್ಲವಲ್ಲ. ನಾನೇ ಮಾಡುತ್ತೇನೆ ಎಂದು ಜಂಬದಿಂದ ಕರೆತಂದೆ.

ನೀರು ಹಾಕುವುದಕ್ಕೆ ಕೇತಿಯನ್ನು ಕರೆಸಿದೆ. ಜೀರಹಳ್ಳಿ ಕಡೆಯ ಕಾಡಿನವಳು, ನನ್ನ ವಾರಿಗೆಯವಳು, ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದವಳು. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹೊಯ್ದು, ಹೊಟ್ಟೆಗೆ ಹಳೆ ಸೀರೆಯ ಬಟ್ಟೆ ಸುತ್ತಿ ಬಿಗಿಯುವುದರಲ್ಲಿ ಅವಳದು ಎತ್ತಿದ ಕೈ. ತಣ್ಣೀರು ಮುಟ್ಟುವಂತಿಲ್ಲ, ಕಿವಿಯ ಬಟ್ಟೆ ಬಿಚ್ಚುವಂತಿಲ್ಲ, ಬಾವಿ ಕಡೆ ತಲೆ ಹಾಕುವಂತಿಲ್ಲ. ನಮ್ಮಲ್ಲಿ ಐದನೇ ತಿಂಗಳಲ್ಲಿ ಗಂಗೆಪೂಜೆ ಮಾಡಿದ ಮೇಲೆಯೇ ಬಾಣಂತಿ ಬಾವಿಯ ನೀರು ಸೇದಬೇಕು. ಶಾಂಭವಿ ಇದಕ್ಕೆಲ್ಲ ಒಪ್ಪಿಕೊಂಡಿದ್ದಳು. ಆದರೆ ಅವಳ ಸೊಂಟ ಬಿದ್ದುಹೋಗಿತ್ತು. ಕೂತರೆ ಏಳಲಾಗದು, ಎದ್ದರೆ ಕೂಸನ್ನು ಎತ್ತಲಾಗದು.

ಒಂದು ದಿನ ಬಚ್ಚಲಿನಿಂದ ಅವಳ ಮಾತು ಕೇಳಿಸಿತು. "ಕೇತಕ್ಕ, ನೀರ ಮೇಲಿಂದ ಉಯ್ದ್ರ ಸಾಲ್ದು ಕನ. ನೀರು ನನ್ನ ಎತ್ಕಬೇಕು. ಅದ್ರೊಳಗ ಈ ಸೊಂಟಕ್ಕ ಭಾರನೇ ಇರಕ್ಕಿಲ್ಲ."

"ಗಂಗವ್ವನ ಪೂಜೆ ಆಗ್ಲಿ ಇರವ್ವ. ಆಮ್ಯಾಕ ನಿನ್ ಬಾವಿ ಎಲ್ಲೂ ಓಗಕ್ಕಿಲ್ಲ," ಎಂದಳು ಕೇತಿ.

ಮೂರನೇ ತಿಂಗಳು ತುಂಬಿದ ಮೇಲೆ ಡಾಕ್ಟರಿಗೆ ತೋರಿಸುವುದಕ್ಕೆ ಸತ್ಯಮಂಗಲಕ್ಕೆ ಹೊರಟೆವು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿಯುವಷ್ಟರಲ್ಲಿ ಅವಳು ಎರಡು ಸಲ ವಾಂತಿ ಮಾಡಿದಳು. ಕೂಸು ಅತ್ತು ಅತ್ತು ನನ್ನ ಸೀರೆ ಒದ್ದೆ ಮಾಡಿತು. ಆಸ್ಪತ್ರೆಯಲ್ಲಿ ಎರಡು ಗಂಟೆ ಬೆಂಚಿನ ಮೇಲೆ ಕಾದೆವು. ನನ್ನ ಮಗ ಹಣ ಕಟ್ಟುವ ಸಾಲಿನಲ್ಲಿ ನಿಂತಿದ್ದ. ನನಗೆ ಹಸಿವು, ಸೆಕೆ, ಸಿಟ್ಟು.

ಒಳಗೆ ಹೋದ ಕೂಡಲೇ ಶಾಂಭವಿ ನನ್ನ ಕಡೆ ತಿರುಗಿ, "ಅತ್ತೆ, ನಾನು ಯಾವಾಗ ಈಜ್ಬೋದು ಕೇಳಿ," ಎಂದಳು. ಕೂಸಿನ ತೂಕ ಕೇಳಲಿಲ್ಲ, ಹಾಲು ಸಾಲುತ್ತಿದೆಯೋ ಕೇಳಲಿಲ್ಲ. ಮೊದಲ ಮಾತೇ ಈಜು. ನನಗೆ ರೇಗಿತು. ಆದರೂ ಕೇಳಿದೆ. ಆ ಡಾಕ್ಟರಮ್ಮ ಒಳ್ಳೆಯ ಹೆಂಗಸು. ಹೊಲಿಗೆ ನೋಡಿದರು, ಸೊಂಟ ಒತ್ತಿದರು, ಆಮೇಲೆ ಚೀಟಿ ಬರೆಯುತ್ತ, ತಲೆ ಎತ್ತದೆ ತಮಿಳಿನಲ್ಲಿ ಹೇಳಿದರು. "ಇನಿಮೇ ತಣ್ಣಿಲ ಎರಂಗಲಾಂ. ತಣ್ಣಿ ನಲ್ಲದು. ಡೈಲಿ ಅರಮಣಿ ನೇರಂ ತಣ್ಣಿಲ ಇರುಂದಾ ಇಡುಪ್ಪು ವಲಿ ಪೋಯಿಡುಂ." ಇನ್ನು ಮೇಲೆ ನೀರಿಗೆ ಇಳಿಯಬಹುದು, ನೀರು ಒಳ್ಳೆಯದು, ದಿನಾ ಅರ್ಧ ಗಂಟೆ ನೀರಿನಲ್ಲಿದ್ದರೆ ಸೊಂಟನೋವು ಹೋಗುತ್ತದೆ ಎಂದು ಅದರ ಅರ್ಥ.

ಅಷ್ಟೂ ಮಾತಿನಲ್ಲಿ ಶಾಂಭವಿಯ ಕಿವಿಗೆ ಸಿಕ್ಕಿದ್ದು ಒಂದೇ ಪದ. "ತಣ್ಣಿ ಅಂದ್ರಲ್ಲ, ಏನು ಅತ್ತೆ?"

ತಮಿಳಿನವರಿಗೆ ತಣ್ಣಿ ಎಂದರೆ ಬರೀ ನೀರು. ಬಾವಿಯದೂ ತಣ್ಣಿ, ನಲ್ಲಿಯದೂ ತಣ್ಣಿ. ನಮ್ಮ ಕಡೆ ಹುಟ್ಟಿದ ಕೂಸಿಗೂ ಇದು ಗೊತ್ತು. ಆದರೆ ಗಡಿಯಾಚೆಯಿಂದ ಬಂದ ಅವಳ ಕಿವಿಗೆ ಅದು ನಮ್ಮ ತಣ್ಣೀರಿನ ಹಾಗೆಯೇ ಕೇಳಿಸಿತ್ತು. ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

"ತಣ್ಣೀರಿಗೆ ಇಳೀಲೇಬಾರದು ಅಂದ್ರು," ಎಂದೆ.

ಯಾಕೆ ಹಾಗೆ ಹೇಳಿದೆ? ಈ ಪ್ರಶ್ನೆಯನ್ನು ನಾನು ನೂರು ಸಲ ಕೇಳಿಕೊಂಡಿದ್ದೇನೆ. ತಾಯಿಯ ಶೀತ ಹಾಲಿನಲ್ಲಿ ಕೂಸಿಗೆ ಹೋಗುತ್ತದೆ ಎಂಬ ಹೆದರಿಕೆ ಇತ್ತು ಎಂದು ಹೇಳಿಕೊಳ್ಳಬಹುದು. ಬಾಣಂತಿ ಬಾವಿಗೆ ಹಾರಿದಳು ಎಂದು ಊರು ಆಡಿಕೊಳ್ಳುತ್ತದೆ ಎಂದೂ ಹೇಳಬಹುದು. ಎರಡೂ ಸುಳ್ಳಲ್ಲ. ಆದರೆ ಕ್ಲಾಸಿನಲ್ಲಿ ಮೂಢನಂಬಿಕೆ ಬೇಡ ಎಂದು ಪಾಠ ಮಾಡಿದವಳು ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನಿಜವಾದ ಕಾರಣ ಹೊಟ್ಟೆಕಿಚ್ಚು. ನನ್ನ ಬಾಣಂತನದಲ್ಲಿ ತೊಂಬತ್ತು ದಿನ ಕತ್ತಲೆ ಕೋಣೆಯಲ್ಲಿದ್ದೆ, ಬಾಯಾರಿದರೆ ಅರ್ಧ ಲೋಟ ಬಿಸಿನೀರು ಕೊಡುತ್ತಿದ್ದರು. ನಿನಗೇನು ಬೇಕು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ನನಗೂ ಏನಾದರೂ ಬೇಕಾಗುತ್ತಿತ್ತೇನೋ. ಇವಳು ಮಾತ್ರ ಮೂರು ತಿಂಗಳಿಗೇ ತನಗೆ ಬೇಕಾದ್ದನ್ನು ಬಾಯಿ ಬಿಟ್ಟು ಕೇಳಿದಳು, ಡಾಕ್ಟರು ಕೊಟ್ಟೂಬಿಟ್ಟರು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಘಾಟಿ ಹತ್ತುವವರೆಗೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಎಷ್ಟು ದಿನ ಅಂದ್ರು ಅತ್ತೆ?" ಎಂದು ಕೇಳಿದಳು.

"ಅದೇನೂ ಹೇಳಲಿಲ್ಲ. ನೋಡೋಣ ಬಿಡು."

ಮಗ ಮುಂದಿನ ಸೀಟಿನಿಂದ ತಿರುಗಿ ಏನಾಯಿತು ಎಂದ. ಅವನಿಗೂ ಅದನ್ನೇ ಹೇಳಿದೆ. ಟೀಚರಮ್ಮನ ಮಾತು, ಅವನು ಯಾಕೆ ಅನುಮಾನಪಡುತ್ತಾನೆ? ನಾಳೆ ಸರಿಮಾಡಿದರಾಯಿತು ಎಂದುಕೊಂಡೆ. ತಪ್ಪಾಗಿ ಕೇಳಿಸಿಕೊಂಡೆ ಕಣವ್ವ, ಇಳೀಬಹುದಂತೆ ಎಂದು ಒಂದು ಮಾತು ಅಂದಿದ್ದರೆ ಮುಗಿದಿತ್ತು. ಆದರೆ ತಪ್ಪಾಯಿತು ಎನ್ನುವ ಮಾತು ನನ್ನ ಬಾಯಲ್ಲಿ ಬಂದದ್ದೇ ಅಪರೂಪ. ನಾಳೆ, ನಾಡಿದ್ದು ಎನ್ನುತ್ತ ಎರಡು ತಿಂಗಳು ಹೋಯಿತು.

ಐದನೇ ತಿಂಗಳಲ್ಲಿ ಗಂಗೆಪೂಜೆ ಮಾಡಿದೆವು. ಐದು ಜನ ಮುತ್ತೈದೆಯರು ಬಾವಿಯ ಮೆಟ್ಟಿಲಿನಲ್ಲಿ ನಿಂತಿದ್ದರು. ಶಾಂಭವಿ ಹಸಿರು ಸೀರೆ ಉಟ್ಟು ಕೊನೆಯ ಮೆಟ್ಟಿಲಿಗೆ ಇಳಿದು, ನೀರಿಗೆ ಅರಿಶಿನ ಕುಂಕುಮ ಬಿಟ್ಟು, ಹಾಲು ಹೊಯ್ದಳು. ಆಮೇಲೆ ಕೈಯನ್ನು ಮೊಣಕೈವರೆಗೆ ನೀರಿನಲ್ಲಿಟ್ಟು ಹಾಗೆಯೇ ಕೂತಳು. ನನ್ನತ್ತ ತಿರುಗಿ ಕೇಳಿದಳು.

"ಪೂಜೆ ಆಯ್ತಲ್ಲ. ಡಾಕ್ಟ್ರಮ್ಮ ಇನ್ನೂ ಬ್ಯಾಡ ಅಂತಾರ ಅತ್ತೆ? ಇನ್ನೊಂದ್ ಸಲ ಓಗಿ ಕೇಳಾಣ್ವಾ?"

ಇದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುತ್ತಿರಲಿಲ್ಲ. ಬೇಡ ಎನ್ನುವುದಕ್ಕೆ ಶಾಸ್ತ್ರವೂ ಅಡ್ಡ ಇರಲಿಲ್ಲ. ಆದರೆ ಐದು ಜನ ಹೆಂಗಸರು ನನ್ನ ಬಾಯನ್ನೇ ನೋಡುತ್ತಿದ್ದರು. "ಒಂದ್ಸಲ ಹೇಳಿದ್ದನ್ನೇ ಹತ್ತು ಸಲ ಕೇಳ್ತಾರಾ? ಕೊಡ ಎತ್ತು, ರಾಹುಕಾಲ ಬರ್ತದೆ," ಎಂದೆ. ಅವಳು ಒಂದು ಕೈ ಸೊಂಟಕ್ಕೆ ಕೊಟ್ಟು ತುಂಬಿದ ಕೊಡವನ್ನು ಎತ್ತಿದಳು. ಮೆಟ್ಟಿಲು ಹತ್ತುವಾಗ ಮೂರು ಸಲ ನಿಂತಳು. ಆಮೇಲೆ ಮತ್ತೆ ಕೇಳಲಿಲ್ಲ.

ಸೊಂಟನೋವು ಹೋಗಲಿಲ್ಲ. ಮಗ ಬೆಲ್ಟು ತಂದ, ಎಣ್ಣೆ ತಂದ. ನೆಲಕ್ಕೆ ಕೂತು ಹುರುಳಿಕಾಯಿ ಬಿಡಿಸುವುದನ್ನು ಬಿಟ್ಟಳು. ಕೂಸನ್ನು ಎತ್ತಿಕೊಂಡು ನಿಂತರೆ ಐದು ನಿಮಿಷಕ್ಕೆ ಗೋಡೆಗೆ ಒರಗುತ್ತಿದ್ದಳು. ಮೈ ಭಾರವಾಯಿತು, ನಗು ಕಮ್ಮಿಯಾಯಿತು. ಸಾರಿಗೆ ಉಪ್ಪು ಜಾಸ್ತಿ ಎಂದರೆ ಸುಮ್ಮನೆ ನೀರು ಬೆರೆಸುತ್ತಿದ್ದಳು. ಒಂದು ದಿನ ಕೇತಿ ತಡೆಯಲಾರದೆ ನನ್ನನ್ನೇ ಕೇಳಿದಳು. "ಟೀಚ್ರಮ್ಮ, ನೀರಿಗ ಬುಡಿ ಅವ್ಳ. ಮೀನ ದಡದ ಮ್ಯಾಲ ಇಟ್ಟು ಎಣ್ಣ ಸವರಿದ್ರ ಏನ್ ಬಂತು?"

"ಡಾಕ್ಟರಿಗಿಂತ ನಿನಗೆ ಜಾಸ್ತಿ ಗೊತ್ತಾ?" ಎಂದು ಗದರಿದೆ. ಕೇತಿ ನನ್ನ ಮುಖ ನೋಡಿ, ಎಣ್ಣೆ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಸುಧಾ ಹನ್ನೊಂದನೇ ತಿಂಗಳಿಗೆ ಹೆಜ್ಜೆ ಹಾಕಿತು. ಒಂದು ಮಧ್ಯಾಹ್ನ ಕೋಳಿಮರಿಯ ಹಿಂದೆ ತಪ್ಪು ಹೆಜ್ಜೆ ಹಾಕುತ್ತ ಹಿತ್ತಲಿಗೆ ಹೋಗಿಬಿಟ್ಟಿತು. ನಾವು ನೋಡುವಷ್ಟರಲ್ಲಿ ಬಾವಿಯ ಅಂಚಿಗೆ ಎರಡು ಮಾರು ಉಳಿದಿತ್ತು. ಶಾಂಭವಿ ಆ ಬಿದ್ದ ಸೊಂಟದಲ್ಲೇ ಓಡಿದಳು. ಕೂಸನ್ನು ಬಾಚಿಕೊಂಡು ಅಲ್ಲೇ ಮಣ್ಣಿನಲ್ಲಿ ಕೂತವಳು ಮತ್ತೆ ಏಳಲಾಗದೆ, ನಾನೂ ಕೇತಿಯೂ ಹಿಡಿದು ಎಬ್ಬಿಸಬೇಕಾಯಿತು.

ಸಂಜೆ ಗಂಡನಿಗೆ ಹೇಳಿದಳು. "ಬಾವಿಗ ಕಬ್ಬಿಣದ ಜಾಲರಿ ಆಕ್ಸ್‌ಬುಡಿ. ಪೂರ್ತಿ ಮುಚ್ಲಿ."

ಅವನು ಅವಳ ಕಡೆ ತಿರುಗಿ ಕೇಳಿದ. "ಮುಂದಕ್ಕೆ ನೀನು ಈಜಬೇಕು ಅಂದ್ರೆ?"

"ನನಗ ಆ ನೀರು ಆಗಕ್ಕಿಲ್ಲ ಅಂದವ್ರಲ್ಲ. ಇನ್ಯಾರಿಗ ಬೇಕು ಅದು?"

ನಾನು ಅಲ್ಲೇ ಕೂತು ರಾಗಿ ಕೇರುತ್ತಿದ್ದೆ. ಮೊರ ನನ್ನ ಕೈಯಲ್ಲಿ ನಿಂತಿತು. ಈಗಲಾದರೂ ಹೇಳು ಎಂದು ಒಳಗಿನಿಂದ ಯಾರೋ ತಿವಿದ ಹಾಗಾಯಿತು. ಆದರೆ ಈಗ ಹೇಳಿ ಏನು ಮಾಡುವುದು? ಕೂಸು ನಡೆಯುತ್ತಿದೆ, ಬಾವಿ ಮುಚ್ಚಲೇಬೇಕು. ಕೂಸು ತೊಟ್ಟಿಲಲ್ಲಿ ಮಲಗಿದ್ದ ಆ ಎಂಟು ತಿಂಗಳು ಅವಳದಾಗಿತ್ತು. ಅದನ್ನು ನಾನು ತಿಂದುಹಾಕಿದ್ದೆ. ಮತ್ತೆ ರಾಗಿ ಕೇರಿದೆ.

ತಾಳವಾಡಿಯಿಂದ ವೆಲ್ಡಿಂಗ್‌ನವರು ಬಂದು ಎರಡು ದಿನದಲ್ಲಿ ಬಾವಿಯ ಬಾಯಿಗೆ ಜಾಲರಿ ಕೂರಿಸಿದರು. ಮೋಟಾರಿನ ಪೈಪು ಇಳಿಯುವಷ್ಟೇ ತೂತು. ಮೆಟ್ಟಿಲಿನ ಬಾಯಿಗೂ ಕಬ್ಬಿಣದ ತಡಿಕೆ ಬಂತು. ಅವತ್ತು ಶಾಂಭವಿ ಅಟ್ಟದಿಂದ ಸೋರೆಬುರುಡೆ ಇಳಿಸಿ ಕೇತಿಗೆ ಕೊಟ್ಟಳು. "ಬಿತ್ನ ಬೀಜ ತುಂಬ್ಕೊ ಕೇತಕ್ಕ," ಎಂದಳು. ಮದುವೆಯಾದ ದಿನ ಆ ಮಾತನ್ನು ಅಂದಿದ್ದವಳು ನಾನು.

ಈಗ ಸುಧಾಗೆ ಮೂರು ವರ್ಷ, ಅಂಗನವಾಡಿಗೆ ಹೋಗುತ್ತಾಳೆ. ಅಲ್ಲಿ ತಮಿಳು ಮಾತಾಡುವ ಮಕ್ಕಳೂ ಇದ್ದಾರೆ. ಹೋದ ತಿಂಗಳು, ಚಳಿ ಶುರುವಾದಾಗ, ಕೂಸಿಗೆ ಕೆಮ್ಮು. ಸಂಜೆ ನಾನು ಒಲೆಯ ಪಕ್ಕ ಕೂತಿದ್ದೆ, ಕೇತಿ ಅವರೆಕಾಯಿ ಸುಲಿಯುತ್ತಿದ್ದಳು. ಸುಧಾ ಓಡಿಬಂದು ತಾಯಿಯ ಸೆರಗು ಜಗ್ಗಿದಳು.

"ಅಮ್ಮ, ತಣ್ಣಿ."

"ಕೆಮ್ಮು ಅದೆ. ತಣ್ಣೀರು ಕೊಡಕ್ಕಿಲ್ಲ," ಎಂದು ಶಾಂಭವಿ ಒಲೆಯ ಮೇಲಿನ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಹಬೆ ಏಳುತ್ತಿತ್ತು. ಕೂಸು ಉಫ್ ಉಫ್ ಎಂದು ಊದಿ, ಅಂಗನವಾಡಿಯಲ್ಲಿ ಹೊಸದಾಗಿ ಕಲಿತ ಪದವನ್ನು ಖುಷಿಯಿಂದ ಹೇಳಿತು.

"ಸುಡುತಣ್ಣಿ."

ಶಾಂಭವಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಾಯಿ ತುಂಬ ನಕ್ಕಳು. "ಅಯ್ಯೋ ಪೆದ್ದಿ, ತಣ್ಣೀರು ಎಲ್ಲಾದ್ರೂ ಸುಟ್ಟದಾ?"

"ತಮಿಳು ಕನವ್ವ ಅದು," ಎಂದಳು ಕೇತಿ, ಸಿಪ್ಪೆಯಿಂದ ತಲೆ ಎತ್ತದೆ. "ಬಿಸ್ನೀರ್ಗ ಅವ್ರು ಅಂಗೇ ಅನ್ನದು. ತಣ್ಣಿ ಅಂದ್ರ ಬರೀ ನೀರು ಕನ. ಬಿಸಿಗಿದ್ರೂ ತಣ್ಣಿಯೇ, ತಣ್ಣಗಿದ್ರೂ ತಣ್ಣಿಯೇ."

ಶಾಂಭವಿಯ ನಗು ಒಮ್ಮೆಗೇ ಹೋಗಲಿಲ್ಲ, ಮೆಲ್ಲಮೆಲ್ಲಗೆ ಹೋಯಿತು. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. ಮೂವತ್ತೊಂದು ವರ್ಷ ಮಕ್ಕಳ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹಿಡಿದವಳು ನಾನು. ಅವತ್ತು ನಾನೇ ಕಣ್ಣು ತಗ್ಗಿಸಿದೆ.

"ಅತ್ತೆ, ಅವತ್ತು ಡಾಕ್ಟ್ರಮ್ಮ ಅಂದಿದ್ದು ಬರೀ ನೀರು ಅಂತ್ಲಾ?"

"ಹೂಂ," ಎಂದೆ.

"ಇಳೀಬೇಡ ಅಂದ್ರಾ?"

"ಇಲ್ಲವ್ವ. ಇಳೀಬಹುದು ಅಂದ್ರು. ಒಳ್ಳೇದು ಅಂದ್ರು. ನಾನೇ ಸುಳ್ಳು ಹೇಳಿದೆ. ತಪ್ಪಾಯ್ತು."

ಕೊನೆಗೂ ಆ ಮಾತು ಬಂತು. ಕೂಸು ಊದುವುದನ್ನು ಬಿಟ್ಟು ನಮ್ಮಿಬ್ಬರನ್ನೂ ನೋಡುತ್ತಿತ್ತು. ಶಾಂಭವಿ ಕೂಗಾಡಲಿಲ್ಲ, ಅಳಲಿಲ್ಲ. ಕೂಸಿನ ಕೈಯಿಂದ ಲೋಟ ತೆಗೆದುಕೊಂಡು ಇನ್ನೊಂದು ಲೋಟಕ್ಕೆ ಎತ್ತಿ ಹೊಯ್ದು ಆರಿಸತೊಡಗಿದಳು.

"ಬ್ಯಾಡ ಅಂತ ನೀವೇ ಅಂದಿದ್ರ ನಾನು ಜಗಳ ಆಡ್ತಿದ್ದೆ ಅತ್ತೆ," ಎಂದಳು. "ಆಡಿ, ಗೆದ್ದು, ಬಾವಿಗ ಇಳೀತಿದ್ದೆ. ನಿಮಗೂ ಗೊತ್ತಿತ್ತು ಅದು. ನೀವು ಡಾಕ್ಟ್ರು ಅಂದ್ರು ಅಂದ್ಬುಟ್ರಿ. ಆ ಪುಣ್ಯಾತ್ಗಿತ್ತಿ ಜತ್ಗ ನಾನು ಎಂಗ ಜಗಳ ಆಡ್ಲಿ?"

ನೀರು ಉಗುರುಬೆಚ್ಚಗಾದ ಮೇಲೆ ಕೂಸಿಗೆ ಕುಡಿಸಿದಳು. ಆಮೇಲೆ ಸಾರಿಗೆ ಒಗ್ಗರಣೆ ಹಾಕಿದಳು.

ಮಾರನೇ ವಾರ ನಾನೇ ತಾಳವಾಡಿಗೆ ಹೋಗಿ ವೆಲ್ಡಿಂಗ್‌ನವರನ್ನು ಕರೆತಂದು, ಮೆಟ್ಟಿಲಿನ ತಡಿಕೆ ಕತ್ತರಿಸಿ ಬಾಗಿಲು ಮಾಡಿಸಿದೆ. ಕೂಸಿನ ಕೈಗೆ ಎಟುಕದ ಎತ್ತರಕ್ಕೆ ಚಿಲಕ, ಬೀಗ. ಬೀಗದ ಕೈಯನ್ನು ಶಾಂಭವಿಗೆ ಕೊಟ್ಟು, "ನಾಳೆ ಬೆಳಿಗ್ಗೆ ಕೂಸನ್ನು ನಾನು ನೋಡ್ಕೋತೀನಿ, ನೀನು ಇಳಿ," ಎಂದೆ.

"ಆಯ್ತು ಅತ್ತೆ," ಎಂದಳು.

ಬೀಗದ ಕೈಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದಳು. ಅದಾಗಿ ಇಪ್ಪತ್ತು ದಿನ. ದಿನಾ ಬೆಳಿಗ್ಗೆ ಆರಕ್ಕೆ ನಾನು ಕೂಸಿನ ಪಕ್ಕ ಎದ್ದು ಕೂತು, ಹಿತ್ತಲ ಬಾಗಿಲಿನ ಸದ್ದಿಗೆ ಕಾಯುತ್ತೇನೆ. ಅವಳು ಎದ್ದು ಒಲೆ ಹಚ್ಚುತ್ತಾಳೆ. ನಿನ್ನೆ ಬೇಕೆಂತಲೇ ಸಾರಿಗೆ ಉಪ್ಪು ಜಾಸ್ತಿ ಎಂದೆ, ಒಂದು ಮಾತು ಎದುರಾಡಲಿ ಎಂದು. ಅವಳು ನನ್ನ ಬಟ್ಟಲು ತೆಗೆದುಕೊಂಡು ಹೋಗಿ ಬಿಸಿನೀರು ಬೆರೆಸಿ ತಂದಿಟ್ಟಳು.